ಬಿಬಿಸಿ ಮೈಕ್ರೋ ಮೇಲೆ ಸಿಸಿ65: ಎರಡು ವರ್ಷ ಬಳಸಿದ ಮೇಲೆ

"ಕ್ಯಾಂಟ್ ಎಕ್ಸ್‌ಟೆಂಡ್." ಕಡತವನ್ನು ಇನ್ನು ಬೆಳೆಸಲಾಗದು ಅಂತ ಬಿಬಿಸಿ ಮೈಕ್ರೋ ಅನ್ನೋ ಹಳೆಯ ಕಂಪ್ಯೂಟರ್ ಹೇಳುವ ಈ ಎರಡು ಪದಗಳ ಹಿಂದೆ ಬಿದ್ದು ನಾನು ಹೆಚ್ಚುಕಡಿಮೆ ಮೂರು ತಿಂಗಳ ಸಂಜೆಗಳನ್ನು ಕಳೆದಿದ್ದೇನೆ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ. ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಬಳಸಿದ ಸಿಸಿ65ರ ಗುಣಗಳ ಪಟ್ಟಿ ನಿಮಗೆ ಎಲ್ಲಾದರೂ ಸಿಗುತ್ತದೆ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಅಟ್ಟ ಖಾಲಿ ಮಾಡುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಂದ 90 ಪೌಂಡಿಗೆ ಒಂದು ಬಿಬಿಸಿ ಮೈಕ್ರೋ ಮಾಡೆಲ್ ಬಿ ತಗೊಂಡೆ. 1981ರಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಹೊರತಂದ ಯಂತ್ರ ಇದು. 1984ರಲ್ಲಿ ಭಾರತದಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆ ಶುರುವಾದಾಗ ಶಾಲೆಗಳಿಗೆ ಬಂದದ್ದೂ ಇದೇ. ಊರಿನ ನಮ್ಮ ಹೈಸ್ಕೂಲಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಒಂದು ಯಂತ್ರಕ್ಕೆ ಐದಾರು ಜನ. ಮೇಲಿನ ಸಾಲಿನ ಆ ಕೆಂಪು ಕೀಲಿಗಳನ್ನು ಮುಟ್ಟಲು ವಾರಕ್ಕೊಮ್ಮೆ ಸರದಿ ಬರುತ್ತಿತ್ತು. ಈಗ ಸ್ವಂತದ್ದೊಂದು ಮನೆಯಲ್ಲಿದೆ. ನನಗೆ ಸಿ ಭಾಷೆ ಅಭ್ಯಾಸ, ಹಾಗಾಗಿ ಇದರಲ್ಲೂ ಸಿ ಬರೆಯಬೇಕು ಅನ್ನೋ ಆಸೆ.

ಒಂದು ಮಾತು, ಹಳೆಯ ಮೈಕ್ರೋ ತರುವವರಿಗೆ: ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಾಯಿಸದೆ ಸ್ವಿಚ್ ಒತ್ತಬೇಡಿ. ಅವುಗಳ ಹೊರಕವಚ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಆ ಹೊಗೆಯ ವಾಸನೆ ಪರದೆ, ಸೋಫಾದಿಂದ ವಾರವಾದರೂ ಹೋಗುವುದಿಲ್ಲ.

ಸಿಸಿ65 ಅಂದರೆ 6502 ಪ್ರೊಸೆಸರಿಗೆ ಸಿಗುವ ಉಚಿತ ಸಿ ಕಂಪೈಲರ್, ಅಂದರೆ ಸಿಯಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ. ಜಾನ್ ಡನ್ನಿಂಗ್ ಅಟಾರಿಗಾಗಿ ಬರೆದದ್ದನ್ನು ಉಲ್ರಿಚ್ ಫಾನ್ ಬಾಸೆವಿಟ್ಜ್ ವರ್ಷಗಟ್ಟಲೆ ಬೆಳೆಸಿದರು. ಕಮೊಡೋರ್ 64, ಆಪಲ್ 2, ಅಟಾರಿ ಎಲ್ಲಕ್ಕೂ ಲೈಬ್ರರಿ, ಅಂದರೆ ಸಿದ್ಧ ಫಂಕ್ಷನ್‌ಗಳ ಕಂತೆ, ಜೊತೆಗೇ ಬರುತ್ತದೆ. ಬಿಬಿಸಿ ಮೈಕ್ರೋ ಕೂಡ 6502 ಯಂತ್ರವೇ ಅಲ್ವಾ? ಬಿಬಿಸಿ ಅನ್ನೋ ಹೆಸರನ್ನೂ ಕಂಪೈಲರ್ ಗುರುತಿಸುತ್ತದೆ. ಆದರೆ ಆ ಹೆಸರಿನ ಹಿಂದೆ ಲೈಬ್ರರಿ ಇಲ್ಲ. ಮೊದಲ ರಾತ್ರಿ ನಾಲ್ಕು ಸಾಲಿನ ಪ್ರೋಗ್ರಾಂ ಕೊಟ್ಟೆ. "ರೈಟ್ ಅನ್ನೋ ಫಂಕ್ಷನ್ ಎಲ್ಲೂ ಸಿಗಲಿಲ್ಲ" ಅಂತ ತುಣುಕುಗಳನ್ನೆಲ್ಲ ಜೋಡಿಸುವ ಲಿಂಕರ್ ನಿಂತುಬಿಟ್ಟಿತು. ನಿಜ ಹೇಳಬೇಕೆಂದರೆ ಬೇಜಾರಾಯಿತು. ಸಂಬಂಧಿಕರೆಲ್ಲರಿಗೂ ಎಲೆ ಹಾಕಿ ನಮ್ಮೊಬ್ಬರನ್ನು ಬಿಟ್ಟ ಹಾಗೆ.

ಆ ಬೇಜಾರು ಎರಡು ವಾರದಲ್ಲಿ ಕರಗಿತು. ಯಾವ ಯಂತ್ರಕ್ಕೂ ಸೇರದ "ನನ್" (ಇಂಗ್ಲಿಷಿನ none) ಅನ್ನೋ ಲೈಬ್ರರಿಯೊಂದು ಇದರ ಜೊತೆ ಬರುತ್ತದೆ. ಗುಣಾಕಾರ, ಭಾಗಾಕಾರ, ಸ್ಟ್ರಿಂಗ್ ಕೆಲಸ ಎಲ್ಲಾ ಅದರಲ್ಲಿದೆ. ನಾವು ಕೊಡಬೇಕಾದದ್ದು ಪ್ರೋಗ್ರಾಂ ಶುರು ಮಾಡುವ ಒಂದು ತುಣುಕು, ಮೆಮೊರಿಯಲ್ಲಿ ಏನು ಎಲ್ಲಿ ಕೂರಬೇಕು ಅಂತ ಲಿಂಕರಿಗೆ ಹೇಳುವ ಒಂದು ಕಡತ, ಆಮೇಲೆ ರೀಡ್, ರೈಟ್, ಓಪನ್, ಕ್ಲೋಸ್ ಅನ್ನೋ ನಾಲ್ಕು ಫಂಕ್ಷನ್. ಪರದೆಗೆ ಬರೆಯುವ ಪ್ರಿಂಟ್‌ಎಫ್‌ನಂಥ ದೊಡ್ಡ ಕೆಲಸವೂ ಕೊನೆಗೆ ಬಂದು ನಿಲ್ಲುವುದು ಆ ರೈಟ್ ಮೇಲೆಯೇ. ಒಳ್ಳೆಯ ಮನೆ ಕಟ್ಟಿದವರು ನೀರಿನ ಪೈಪನ್ನು ಎಲ್ಲಿ ಜೋಡಿಸಬೇಕೋ ಅಲ್ಲಿಗೇ ತಂದು ಬಿಟ್ಟಿರುತ್ತಾರಲ್ಲ, ಹಾಗಿದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಝೀರೋ ಪೇಜ್. 6502ರಲ್ಲಿ ಮೆಮೊರಿಯ ಮೊದಲ 256 ಬೈಟ್ ಅಂದರೆ ಪೇಟೆ ಮಧ್ಯದ ಸೈಟು. ಎಲ್ಲರಿಗೂ ಅಲ್ಲೇ ಜಾಗ ಬೇಕು. ಮೈಕ್ರೋದಲ್ಲಿ ಒಂದಷ್ಟು ಬೇಸಿಕ್ ಭಾಷೆಗೆ, ಒಂದಷ್ಟು ಆಪರೇಟಿಂಗ್ ಸಿಸ್ಟಮ್ಮಿಗೆ ಹೋಗುತ್ತದೆ. ಬಳಸುವವರಿಗೆ ಅಂತ ಬಿಟ್ಟಿರುವುದು 112ರಿಂದ 143ರವರೆಗೆ, ಒಟ್ಟು 32 ಬೈಟ್. ಸಿಸಿ65 ಕೇಳುವುದೆಷ್ಟು? ಒಂದು ಕಾಗದ ತಗೊಂಡು ಕೂಡಿದೆ. ಸ್ಟ್ಯಾಕ್ (ಫಂಕ್ಷನ್‌ಗಳು ತಮ್ಮ ತಾತ್ಕಾಲಿಕ ಲೆಕ್ಕ ಪೇರಿಸಿಡುವ ಜಾಗ) ಎಲ್ಲಿದೆ ಅಂತ ತೋರಿಸುವ ಸ್ಟ್ಯಾಕ್ ಪಾಯಿಂಟರಿಗೆ 2, ಲಾಂಗ್ ಅನ್ನೋ ದೊಡ್ಡ ಪೂರ್ಣಾಂಕಗಳ ಮೇಲರ್ಧಕ್ಕೆ 2, ರಿಜಿಸ್ಟರ್ ಉಳಿಸಲು 4, ನಾಲ್ಕು ಪಾಯಿಂಟರಿಗೆ 8, ತಾತ್ಕಾಲಿಕಕ್ಕೆ 4, ರಿಜಿಸ್ಟರ್ ವೇರಿಯಬಲ್‌ಗಳಿಗೆ 6. ಒಟ್ಟು 26! ಒಬ್ಬರನ್ನೊಬ್ಬರು ನೋಡದವರು ಮಾಡಿದ ಎರಡು ವಸ್ತುಗಳು ಹೀಗೆ ಕೂತವು, 6 ಬೈಟ್ ಮಿಕ್ಕಿತು ಕೂಡ. ಬೇಸಿಕ್‌ನ ಒಂದು ಬೈಟನ್ನೂ ಮುಟ್ಟದೆ ಸಿ ಪ್ರೋಗ್ರಾಂ ಓಡಿ, ಮುಗಿದ ಮೇಲೆ ಬೇಸಿಕ್‌ಗೆ ವಾಪಸ್ ಬರಬಹುದು. ಆ ಕಾಗದವನ್ನು ಇನ್ನೂ ಎಸೆದಿಲ್ಲ.

ಚಿಕ್ಕಪುಟ್ಟ ತೊಂದರೆಗಳು ಬಂದವು. ಸಿಯ ಹೊಸ ಸಾಲಿನ ಅಕ್ಷರ 10. ಮೈಕ್ರೋಗೆ 10 ಅಂದರೆ ಒಂದು ಸಾಲು ಕೆಳಗೆ ಇಳಿ, ಅಷ್ಟೇ. ಎಡಕ್ಕೆ ಹೋಗು ಅನ್ನೋದು 13. ಹಾಗಾಗಿ ಪರದೆಯ ಮೇಲೆ ಅಕ್ಷರಗಳು ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋದವು. 10 ಬಂದಾಗ ಜೊತೆಗೆ 13 ಕಳಿಸಿದೆ, ಸರಿಹೋಯಿತು. ಇನ್ನೊಂದು ಸಲ ಪ್ರೋಗ್ರಾಂ ನಡುವೆ ಪರದೆಯ ಬಗೆಯನ್ನು ಮೋಡ್ 7ರಿಂದ ಮೋಡ್ 1ಕ್ಕೆ ಬದಲಿಸಿದೆ. ಪರದೆ ಕಪ್ಪಾಯಿತು, ಯಂತ್ರ ಸತ್ತಿತು. ಮೋಡ್ 7ರ ಪರದೆಗೆ 1 ಕೆಬಿ ಸಾಕು, ಮೋಡ್ 1ಕ್ಕೆ 20 ಕೆಬಿ ಬೇಕು. ಪರದೆ ಕೆಳಗೆ ಚಾಚಿಕೊಂಡು ನನ್ನ ಸ್ಟ್ಯಾಕನ್ನೇ ಅಳಿಸಿತ್ತು. ಡಿಸ್ಕ್ ಜೋಡಿಸಿದ ಮೈಕ್ರೋದಲ್ಲಿ ಮೋಡ್ 7ರಲ್ಲಿ ನಮಗೆ ಸಿಗುವುದು 25,344 ಬೈಟ್, ಮೋಡ್ 1ರಲ್ಲಿ ಬರೀ 5,888. ಈಗ ಶುರುವಿನ ತುಣುಕು ಆಪರೇಟಿಂಗ್ ಸಿಸ್ಟಮ್ಮಿನ ಓಎಸ್‌ಬೈಟ್ 132 ಅನ್ನೋ ಸೇವೆಯನ್ನು ಕರೆದು, ಮೆಮೊರಿಯ ಮೇಲ್ತುದಿ ಎಲ್ಲಿದೆ ಅಂತ ಯಂತ್ರವನ್ನೇ ಕೇಳಿ, ಸ್ಟ್ಯಾಕನ್ನು ಅಲ್ಲಿಂದ ಶುರು ಮಾಡುತ್ತದೆ. ಮೋಡನ್ನು ಮೊದಲೇ ಆರಿಸಿಕೊಳ್ಳಬೇಕು, ನಡುವೆ ಬದಲಿಸುವಂತಿಲ್ಲ.

ಇಷ್ಟಾದ ಮೇಲೆ ಮನೆಖರ್ಚಿನ ಲೆಕ್ಕ ಬರೆಯುವ ಪ್ರೋಗ್ರಾಂ ಮಾಡಿದೆ. ದಿನಾ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಕೂರುತ್ತೇನೆ. ಪ್ರೋಗ್ರಾಮಿನಲ್ಲಿ ಏನಾದರೂ ಬದಲಾಯಿಸಿದ್ದರೆ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ, ಡಿಸ್ಕ್ ಇಮೇಜನ್ನು (ಇಡೀ ಫ್ಲಾಪಿಯ ನಕಲಿರುವ ಕಡತ) ಯುಎಸ್‌ಬಿ ಕಡ್ಡಿಗೆ ಹಾಕಿ, ಕಡ್ಡಿಯನ್ನು ಫ್ಲಾಪಿ ಡ್ರೈವಿನ ಬದಲಿಗೆ ಇರುವ ಗೋಟೆಕ್ ಡ್ರೈವಿಗೆ ಚುಚ್ಚುತ್ತೇನೆ. ಸ್ವಿಚ್ ಒತ್ತಿದರೆ ಮೊದಲು ಒಂದು ತಗ್ಗು ಸ್ವರ, ಹಿಂದೆಯೇ ಒಂದು ಏರು ಸ್ವರ. "ಬಿಬಿಸಿ ಕಂಪ್ಯೂಟರ್ 32ಕೆ" ಅಂತ ಬರುತ್ತದೆ. ಶಿಫ್ಟ್ ಒತ್ತಿ ಹಿಡಿದು ಬ್ರೇಕ್ ತಟ್ಟಿದರೆ ಪ್ರೋಗ್ರಾಂ ತಾನಾಗಿಯೇ ಏಳುತ್ತದೆ. ಹಾಲು, ತರಕಾರಿ, ಬಸ್ಸು, ಮಗಳ ಈಜಿನ ಫೀಸು. ನಾಲ್ಕು ಸಾಲು ಟೈಪ್ ಮಾಡಿ ಮುಗಿಸುತ್ತೇನೆ. ದಿನದಲ್ಲಿ ಅದು ನನ್ನ ಹತ್ತು ನಿಮಿಷ.

ಸುಮಾರು ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಎರಡನೇ ಸಾಲಿನ ನಡುವೆ "ಕ್ಯಾಂಟ್ ಎಕ್ಸ್‌ಟೆಂಡ್" ಅಂತ ಬಂತು. ಕೆಳಗೆ ಬೇಸಿಕ್‌ನ ಬಾಣದ ಗುರುತಿನ ಪಕ್ಕ ಕರ್ಸರ್ ಮಿನುಗುತ್ತಿತ್ತು. ನನ್ನ ಪ್ರೋಗ್ರಾಂ ಇಲ್ಲ. ತೆರೆದ ಕಡತ ಮುಚ್ಚಿಲ್ಲ. ಬರೆದದ್ದು ಉಳಿಯಲಿಲ್ಲ.

ಕಾರಣ ಎರಡು. ಏಕಾರ್ನ್‌ನ ಡಿಸ್ಕ್ ವ್ಯವಸ್ಥೆ ಒಂದು ಕಡತವನ್ನು ಒಂದೇ ತುಂಡಾಗಿ ಇಡುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಕಡತ ಕೂತಿದ್ದರೆ ಮೊದಲಿನದು ಬೆಳೆಯಲಾರದು, ಡಿಸ್ಕಿನ ಬೇರೆ ಕಡೆ ಎಷ್ಟೇ ಜಾಗ ಖಾಲಿ ಇರಲಿ. ಇದನ್ನು ಒಪ್ಪಿಕೊಂಡೆ. ಎರಡನೆಯದೇ ಕಷ್ಟದ್ದು. ಸಿಯಲ್ಲಿ ತಪ್ಪಾದರೆ ಫಂಕ್ಷನ್ ಮೈನಸ್ 1 ಹಿಡಿದುಕೊಂಡು ಕರೆದವರ ಹತ್ತಿರ ವಾಪಸ್ ಬರುತ್ತದೆ. ಮೈಕ್ರೋದಲ್ಲಿ ತಪ್ಪಾದರೆ ಅದು ವಾಪಸ್ ಬರುವುದೇ ಇಲ್ಲ. ಬ್ರೇಕ್ ಅನ್ನೋ ಪ್ರೊಸೆಸರ್ ಸೂಚನೆ (ಬ್ರೇಕ್ ಕೀಲಿಯಲ್ಲ) ಓಡಿಸಿ, ಮೆಮೊರಿಯ ಹೆಕ್ಸ್ (ಹದಿನಾರರ ಎಣಿಕೆಯ) 202ರಲ್ಲಿ ಯಾರ ವಿಳಾಸ ಇದೆಯೋ ಅವರ ಮನೆಗೆ ನೇರವಾಗಿ ಹಾರುತ್ತದೆ. ಅಲ್ಲಿದ್ದದ್ದು ಬೇಸಿಕ್‌ನ ವಿಳಾಸ.

ಹಾಗಾದರೆ ಅಲ್ಲಿ ನನ್ನ ವಿಳಾಸ ಬರೆದರಾಯಿತು. ಆದರೆ ಹಾರಿ ಬಂದ ಮೇಲೆ ರೈಟ್ ಒಳಗೆ ಬಿಟ್ಟ ಜಾಗಕ್ಕೇ ಹಿಂದಿರುಗುವುದು ಹೇಗೆ? ಅಷ್ಟರಲ್ಲಿ ಪ್ರೊಸೆಸರಿನ ಸ್ಟ್ಯಾಕ್ ಮೇಲೆ ಡಿಸ್ಕ್ ವ್ಯವಸ್ಥೆಯ ಅರ್ಧ ಮುಗಿದ ಕರೆಗಳು ಬಿದ್ದಿರುತ್ತವೆ. ಮೂರು ತಿಂಗಳು ಹಿಡಿದದ್ದು ಇಲ್ಲೇ. ಕೊನೆಗೆ ಉಳಿದದ್ದು ಸಣ್ಣ ಕೋಡು: ಡಿಸ್ಕನ್ನು ಮುಟ್ಟುವ ಪ್ರತಿ ಕರೆಗೆ ಮುಂಚೆ ಸ್ಟ್ಯಾಕ್ ಎಲ್ಲಿದೆ ಅಂತ ಒಂದು ಬೈಟಿನಲ್ಲಿ ಬರೆದಿಡು. ತಪ್ಪಾಗಿ ಹಾರಿ ಬಂದರೆ ತಪ್ಪಿನ ಸಂಖ್ಯೆಯನ್ನೂ ಅದರ ಜೊತೆಗಿರುವ ಸಂದೇಶವನ್ನೂ ನಕಲು ಮಾಡಿಕೋ, ಸ್ಟ್ಯಾಕನ್ನು ಬರೆದಿಟ್ಟ ಜಾಗಕ್ಕೆ ತಿರುಗಿಸು, ಮೈನಸ್ 1 ಕೊಟ್ಟು ಮರಳು. ಸಿಯ ಸ್ವಂತ ಸ್ಟ್ಯಾಕ್ ಪಾಯಿಂಟರ್ ಆ 26 ಬೈಟಿನಲ್ಲಿ ಭದ್ರವಾಗಿರುತ್ತದೆ. ಡಿಸ್ಕ್ ವ್ಯವಸ್ಥೆ ಆ ಜಾಗಕ್ಕೆ ಕೈ ಹಾಕುವುದಿಲ್ಲ.

ಪ್ರೋಗ್ರಾಂ ಮುಗಿಯುವಾಗ 202ರಲ್ಲಿ ಹಳೆಯ ವಿಳಾಸ ವಾಪಸ್ ಬರೆಯುವುದನ್ನು ಮಾತ್ರ ಮರೆಯಬೇಡಿ. ನಾನು ಒಮ್ಮೆ ಮರೆತೆ. ಆಮೇಲೆ ಬೇಸಿಕ್‌ನಲ್ಲಿ ಪ್ರಿಂಟ್ ಅನ್ನೋ ಪದವನ್ನು ತಪ್ಪಾಗಿ ಟೈಪ್ ಮಾಡಿದೆ. ತಪ್ಪು ಹೇಳಬೇಕಾದ ಯಂತ್ರ, ಅಲ್ಲಿ ಈಗ ಇಲ್ಲದ ನನ್ನ ಕೋಡಿಗೆ ಹಾರಿ ಹೆಪ್ಪುಗಟ್ಟಿತು.

ತಗೊಳ್ಳಬೇಕಾ ಅಂತ ಕೇಳಿದರೆ, ಕಾಸು ಬೇಕಿಲ್ಲ, ಸಂಜೆಗಳು ಬೇಕು. ದಶಮಾಂಶದ ಲೆಕ್ಕ, ಗ್ರಾಫು ಬೇಕಾದವರಿಗೆ ಇದು ಬೇಡ. ಸಿಸಿ65ರಲ್ಲಿ ಫ್ಲೋಟ್, ಅಂದರೆ ದಶಮಾಂಶದ ಸಂಖ್ಯೆ, ಇಲ್ಲ. ನಾನು ಲೆಕ್ಕವನ್ನು ಪೆನ್ನಿಗಳಲ್ಲೇ ಇಟ್ಟಿದ್ದೇನೆ, ಅದೂ ಲಾಂಗ್‌ನಲ್ಲಿ. 16 ಬಿಟ್‌ನ ಇಂಟ್ ಅನ್ನೋ ಸಾಮಾನ್ಯ ಪೂರ್ಣಾಂಕಕ್ಕೆ 327 ಪೌಂಡು ದಾಟಿದರೆ ಹಿಡಿಸುವುದಿಲ್ಲ. ಮೈಕ್ರೋದ ಬೇಸಿಕ್ ದಶಮಾಂಶ ಸಲೀಸಾಗಿ ಮಾಡುತ್ತದೆ, ಅದರೊಳಗೇ ಅಸೆಂಬ್ಲರ್ ಕೂಡ ಇದೆ. ಪ್ರೋಗ್ರಾಂ ನಿಧಾನ ಅನಿಸಿದರೆ ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಟಿಕ್ ಮಾಡುವ ಆಯ್ಕೆ ಹಾಕಿ ನೋಡಿ, ವೇಗ ಕಣ್ಣಿಗೇ ಕಾಣುತ್ತದೆ. ಆದರೆ ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಇದ್ದರೆ ಆ ಆಯ್ಕೆ ಬೇಡ.

ಕಳೆದ ಮಂಗಳವಾರ ಲೆಕ್ಕದ ಕಡತ ಮತ್ತೆ ಪಕ್ಕದ ಕಡತಕ್ಕೆ ಹೋಗಿ ತಾಗಿತು. ಪರದೆಯ ಕೆಳಗೆ ನನ್ನ ಪ್ರೋಗ್ರಾಮೇ "ಕ್ಯಾಂಟ್ ಎಕ್ಸ್‌ಟೆಂಡ್" ಅಂತ ತೋರಿಸಿತು. ಟೈಪ್ ಮಾಡಿದ ಸಾಲು ಹಾಗೇ ಇತ್ತು. ಅದೇ ಡ್ರೈವಿಗೆ ಖಾಲಿ ಡಿಸ್ಕ್ ಇಮೇಜ್ ಹಾಕಿ ರಿಟರ್ನ್ ಒತ್ತಿದೆ, ಹೊಸ ಕಡತದಲ್ಲಿ ಬರೆದುಕೊಂಡಿತು. ತರಕಾರಿ, 6 ಪೌಂಡು 40 ಪೆನ್ನಿ.