ಸೈಲೆನ್ಸರ್ ಬದಲಾಯಿಸಿದವರೇ, ನಿಮ್ಮ ಹಳೆಯ ಬೆಂಡ್ ಪೈಪ್ ಎಲ್ಲಿದೆ ನೋಡಿಕೊಳ್ಳಿ

ಪಿಕಪ್ ಹೆಚ್ಚುತ್ತದೆ ಎಂದು ಹೇಳಿ ನಿಮ್ಮ ಬೈಕಿಗೆ ಹೊಗೆಗೆ ತಡೆ ಕಡಿಮೆ ಇರುವ ಫ್ರೀ ಫ್ಲೋ ಸೈಲೆನ್ಸರ್ ಹಾಕಲು ಯಾರಾದರೂ ಮುಂದಾದರೆ, ಮೊದಲು ಇದನ್ನು ಓದಿ. ಹೆಚ್ಚುವುದು ಸದ್ದು ಮಾತ್ರ. ಪಿಕಪ್ ಹೋಗುತ್ತದೆ, ಮೈಲೇಜ್ ಹೋಗುತ್ತದೆ, ಕೊನೆಗೆ ಗಾಡಿಯ ಜೊತೆ ಬಂದ ಅಸಲಿ ಭಾಗವೂ ಹೋಗುತ್ತದೆ. ನನಗೆ ಮೂರೂ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನದು 350 ಸಿಸಿಯ ಬಿಎಸ್-6 (ಹೊಗೆ ಮಿತಿಯ ಬಿಗಿ ನಿಯಮದ) ಗಾಡಿ. ಆಲ್ದೂರು ಕಡೆಯಿಂದ ದಿನವೂ ಚಿಕ್ಕಮಗಳೂರಿಗೆ ಓಡಾಟ. ಅಂಗಡಿಯ ಹೆಸರು ಬರೆಯುವುದಿಲ್ಲ, ದೂರು ಕೊಡುವವನಿದ್ದೇನೆ. ಆದರೆ ಆ ಅಂಗಡಿಯವನ ಮಾತುಗಳನ್ನು ಬರೆಯುತ್ತೇನೆ, ಎಲ್ಲ ಕಡೆಯೂ ಇದೇ ಮಾತು ಹೇಳುತ್ತಾರೆ. “ಕಂಪನಿಯವರು ಇಂಜಿನ್ನಿನ ಕತ್ತು ಹಿಸುಕಿಯೇ ಕೊಡುವುದು ಮಾರಾಯರೇ. ಇದನ್ನು ಹಾಕಿ, ಗಿರಿ ಹತ್ತುವಾಗ ನಿಮಗೇ ಗೊತ್ತಾಗುತ್ತದೆ.” ಮೈಲೇಜ್ ಕಥೆ ಏನು ಅಂದರೆ, “ಎಂಥದೂ ಆಗುವುದಿಲ್ಲ, ಇಸಿಯು ತಾನೇ ಹೊಂದಿಸಿಕೊಳ್ಳುತ್ತದೆ.” ಇಸಿಯು ಅಂದರೆ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್. ಪೊಲೀಸರು ಹಿಡಿದರೆ ಅಂದರೆ, “ಡಿಬಿ ಕಿಲ್ಲರ್ ಇದೆಯಲ್ಲ!” (ಸದ್ದು ತಗ್ಗಿಸಲು ಸೈಲೆನ್ಸರ್ ಬಾಯಿಗೆ ಸಿಕ್ಕಿಸುವ ಕೊಳವೆ ಅದು.) ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್ ಸಮೇತ ಪೂರ್ತಿ ಸೆಟ್ಟಿಗೆ 9,000 ರೂಪಾಯಿ. ಬಿಲ್ ಕೇಳಿದ್ದಕ್ಕೆ, ಜಿಎಸ್‌ಟಿ ಸೇರಿಸಿದರೆ ನಿಮಗೇ ಹೊರೆ ಎಂಬ ಕನಿಕರ. ಬಿಚ್ಚಿದ ಹಳೆಯ ಸಾಮಾನು ಕೇಳಿದಾಗ, “ಬೈಕಿನಲ್ಲಿ ಹೇಗೆ ಒಯ್ಯುತ್ತೀರಿ? ನಿಮ್ಮ ಹೆಸರು ಬರೆದು ಅಟ್ಟದ ಮೇಲೆ ಇಡುತ್ತೇನೆ, ಯಾವಾಗ ಬೇಕಾದರೂ ಬನ್ನಿ.” ಈ ಮಾತನ್ನು ನೆನಪಿಟ್ಟುಕೊಳ್ಳಿ.

ಗಿರಿ ಹತ್ತುವಾಗ ಗೊತ್ತಾಗುತ್ತದೆ ಎಂದಿದ್ದರಲ್ಲ, ಗೊತ್ತಾಯಿತು. ಕೈಮರ ದಾಟಿ ಮುಳ್ಳಯ್ಯನಗಿರಿಗೆ ಹೊರಟಿದ್ದೆವು. ಹಿಂದೆ ತಂಗಿ ಕುಳಿತಿದ್ದಳು. ಮೊದಲೆಲ್ಲ ಎರಡನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ತಿರುವುಗಳಲ್ಲಿ ಗಾಡಿ ಮುಗ್ಗರಿಸಿತು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಬೊಬ್ಬೆ, ಎಳೆತ ಮಾತ್ರ ಇಲ್ಲ. ಒಂದನೇ ಗೇರಿಗೆ ಇಳಿಸಿಯೇ ಹತ್ತಬೇಕಾಯಿತು. ಅದೇ ಮಾದರಿಯ ಗಾಡಿ, ಕಂಪನಿ ಸೈಲೆನ್ಸರ್ ಇರುವ ಗೆಳೆಯ ಹೆಂಡತಿಯನ್ನು ಕೂರಿಸಿಕೊಂಡು ಆರಾಮವಾಗಿ ಮುಂದೆ ಹೋದ. ಸೀತಾಳಯ್ಯನಗಿರಿಯ ಹತ್ತಿರ ನಮಗಾಗಿ ಕಾಯುತ್ತಿದ್ದ. ಅವನ ಮುಂದೆ ಹೋಗಿ ನಿಲ್ಲುವಾಗ ತಲೆ ಎತ್ತಲಾಗಲಿಲ್ಲ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪಟಾಕಿಯಂತೆ ಸಿಡಿತ. ನಡೆದು ಹೋಗುತ್ತಿದ್ದ ಒಬ್ಬ ಅಜ್ಜಿ ಬೆಚ್ಚಿ ಚರಂಡಿಯ ಕಡೆ ಸರಿದರು.

ಅಂಗಡಿಯವನಿಗೆ ಫೋನ್ ಮಾಡಿದೆ. “ಹೊಸ ಪೈಪ್ ಅಲ್ಲವೇ, ಸ್ವಲ್ಪ ಓಡಲಿ, ಸೆಟ್ ಆಗುತ್ತದೆ.” ಪೈಪಿನಲ್ಲಿ ಸೆಟ್ ಆಗುವುದು ಏನಿದೆ? ಮೀಟರಿನಲ್ಲಿ ಇಂಜಿನ್ ತೊಂದರೆ ತೋರಿಸುವ ದೀಪ ಹೊತ್ತಿಕೊಂಡಿದೆ ಎಂದೆ. “ಆ ದೀಪ ಲೆಕ್ಕಕ್ಕಿಲ್ಲ.” ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದೆ. “ನೀವು ಸದ್ದು ಕೇಳುವ ಖುಷಿಗೆ ಜಾಸ್ತಿ ತಿರುಗಿಸುತ್ತಿದ್ದೀರಿ.” ತಪ್ಪು ನನ್ನದೇ ಆಯಿತು, ನೋಡಿ!

ಬೇರೊಬ್ಬ ಹಳೆಯ ಮೆಕ್ಯಾನಿಕ್ ಬಳಿ ತೋರಿಸಿದೆ. ಅವರು ಕುಕ್ಕರುಗಾಲಿನಲ್ಲಿ ಕುಳಿತು, ಇಂಜಿನ್ನಿಗೆ ಬೆಂಡ್ ಪೈಪ್ ಸೇರುವ ಜಾಗಕ್ಕೆ ಬೆರಳು ಒರೆಸಿ ನನಗೆ ತೋರಿಸಿದರು. ಬೆರಳ ತುದಿ ಕಪ್ಪು ಮಸಿ. ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿಯೇ ಇರಲಿಲ್ಲ, ಹಳೆಯ ಚಪ್ಪಟೆಯಾದದ್ದನ್ನೇ ಕೂರಿಸಿದ್ದರು. ಆ ಸಂದಿನಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಹೊರಗಿನ ಗಾಳಿ ಒಳಗೂ ಬರುತ್ತದೆ. ಮುಂದೆ ಇರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲುತ್ತಿಲ್ಲ ಎಂದು ಇಸಿಯುಗೆ ತಿಳಿಸುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಹೋದದ್ದು ಹೀಗೆ. ಎಳೆತ ಹೋದದ್ದಕ್ಕೆ ಕಾರಣ ಬೇರೆ. ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಅಲೆ ಅಲೆಯಾಗಿ ಹೋಗುತ್ತದೆ. ಪೈಪಿನ ಅಗಲ, ಉದ್ದ ಸರಿಯಿದ್ದರೆ ಮುಂದೆ ಹೋದ ಅಲೆ ಹಿಂದಿನದನ್ನು ಸೆಳೆದುಕೊಳ್ಳುತ್ತದೆ. ಬೇಕಾಬಿಟ್ಟಿ ಅಗಲದ ಪೈಪ್ ಹಾಕಿದರೆ, ಇಂಜಿನ್ ನಿಧಾನ ತಿರುಗುವಾಗ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ವೇಗ ಕುಗ್ಗಿ ಆ ಸೆಳೆತವೇ ಇಲ್ಲವಾಗುತ್ತದೆ. ಲಾಭವೇನಾದರೂ ಇದ್ದರೆ ಅದು ಮೇಲಿನ ಆರ್‌ಪಿಎಂನಲ್ಲಿ, ಅದೂ ಇಸಿಯುವಿನ ಇಂಧನದ ಲೆಕ್ಕವನ್ನು ಹೊಸ ಪೈಪಿಗೆ ತಕ್ಕಂತೆ ಬದಲಾಯಿಸಿದರೆ ಮಾತ್ರ. ನಮ್ಮ ಘಾಟಿ ರಸ್ತೆಗಳಲ್ಲಿ ಗಾಡಿ ಓಡುವುದೇ ಕಡಿಮೆ ಆರ್‌ಪಿಎಂನಲ್ಲಿ. ಮಲೆನಾಡಿನಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಇದು ಗೊತ್ತಿರುವುದಿಲ್ಲವೇ?

ಅಷ್ಟರಲ್ಲಿ ಸಂಚಾರ ಪೊಲೀಸರೂ ಈ ಸದ್ದಿಗಾಗಿ ನಿಲ್ಲಿಸಿದರು. ನಡುರಸ್ತೆಯಲ್ಲಿ ಪರಿಚಯದವರೆಲ್ಲ ನೋಡುತ್ತಿದ್ದರು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಅಡಿಯಲ್ಲಿ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮೇಲೆ ಮೂರು ತಿಂಗಳು ಚಾಲನಾ ಪರವಾನಗಿಯೂ ಹೋಗುತ್ತದೆ. ಇದು 2019ರ ತಿದ್ದುಪಡಿ. ಡಿಬಿ ಕಿಲ್ಲರ್ ಎಂಬ ಬೆರಳುದ್ದದ ಕೊಳವೆ ಇದಕ್ಕೆ ರಕ್ಷಣೆಯಲ್ಲ. ಕಂಪನಿ ಸೈಲೆನ್ಸರ್ ಹಾಕಿಸಿಕೊಂಡು ತಂದು ತೋರಿಸಿ ಎಂದರು.

ಅಸಲಿ ಮೋಸ ಗೊತ್ತಾದದ್ದು ಆಗ. ಅಂಗಡಿಗೆ ಹೋಗಿ ನನ್ನ ಹಳೆಯದನ್ನು ಕೇಳಿದೆ. ತುಂಬ ಹೊತ್ತು ಹುಡುಕಿದಂತೆ ಮಾಡಿ ಒಂದು ಸೆಟ್ ತಂದುಕೊಟ್ಟರು. ಅದರ ಮೇಲೆ ನನ್ನ ಹೆಸರಿರಲಿಲ್ಲ. ಬೆಂಡ್ ಪೈಪ್ ಕೈಗೆ ತೆಗೆದುಕೊಂಡರೆ ಹಗುರ. ಹೊಟ್ಟೆಯ ಸುತ್ತ ಒಂದು ಹೊಸ ಬೆಸುಗೆಯ ಗೆರೆ, ಮೇಲೆ ಬಳಿದ ಬೆಳ್ಳಿ ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಒಳಗೆಲ್ಲ ಟೊಳ್ಳು, ಏನೂ ಇರಲಿಲ್ಲ. ನನ್ನ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಅಲ್ಲೇ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜಾಲರಿ ಅದು, ವಿಷದ ಹೊಗೆಯನ್ನು ಶುದ್ಧ ಮಾಡುವ ಭಾಗ. ಅದನ್ನು ಕೊಯ್ದು ತೆಗೆದು ಖಾಲಿ ಕೊಳವೆಯನ್ನು ಬೆಸೆದಿದ್ದರು. ಆ ಲೋಹಗಳಿಗಾಗಿ ಅದನ್ನು ಕೊಳ್ಳುವವರಿದ್ದಾರೆ. ನನ್ನಿಂದ 9,000 ತೆಗೆದುಕೊಂಡು, ನನ್ನ ವಸ್ತುವನ್ನೇ ಮಾರಿಕೊಂಡಿದ್ದಾರೆ!

ಕೇಳಿದರೆ, “ಮೊದಲಿನಿಂದಲೂ ಹೀಗೇ ಇತ್ತು.” ಶೋರೂಮಿನಿಂದ ಬಂದ ಪೈಪಿಗೆ ಹೊಸ ಬೆಸುಗೆ ಎಲ್ಲಿಂದ ಬಂತು ಅಣ್ಣ ಎಂದೆ. “ಹುಡುಗರು ಎಲ್ಲೋ ಅದಲು ಬದಲು ಮಾಡಿರಬೇಕು.” ಹಾಗಾದರೆ ನನ್ನದು ಕೊಡಿ ಎಂದೆ. “ಬಿಲ್ ಇದೆಯೇ ನಿಮ್ಮ ಹತ್ತಿರ?” ಬಿಲ್ ಕೊಡದವರೇ ಬಿಲ್ ಕೇಳುತ್ತಾರೆ! ಪಕ್ಕದಲ್ಲಿದ್ದ ಹುಡುಗರು ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ.

ಈಗ ಹೊಸ ಕಂಪನಿ ಸೆಟ್ ಹಾಕಿಸಿದ್ದೇನೆ, ಅವರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಹೋಯಿತು. ಗಾಡಿ ಮೊದಲಿನಂತೆ ಎಳೆಯುತ್ತಿದೆ. ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ ನನ್ನ ಬಳಿ ಇದೆ, ಆ ಖಾಲಿ ಪೈಪೂ ಇದೆ. ಎರಡನ್ನೂ ಹಿಡಿದುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಇಂಥದ್ದೇ ಅನುಭವ ಆದವರು ನೀವೂ ದೂರು ಕೊಡಿ, ಒಬ್ಬನೇ ಹೋದರೆ ನಗುತ್ತಾರೆ. ಈಗಾಗಲೇ ಪೈಪ್ ಬದಲಾಯಿಸಿ ಹಳೆಯದನ್ನು ಅಂಗಡಿಯ ಅಟ್ಟದ ಮೇಲೆ ಬಿಟ್ಟು ಬಂದಿದ್ದರೆ ಇಂದೇ ಹೋಗಿ ತನ್ನಿ. ತರುವ ಮುನ್ನ ಅಲ್ಲೇ, ಅವರ ಎದುರಿಗೇ, ಬೆಳಕಿಗೆ ಹಿಡಿದು ಒಳಗೆ ನೋಡಿ.