ಮನೆ ಸಾಲವೆಂದು ಕೊಟ್ಟದ್ದು ನಿಜಕ್ಕೂ ಮನೆ ಸಾಲವೇ? ಸಹಿ ಹಾಕಿದವರು ಒಮ್ಮೆ ಕಾಗದ ತೆಗೆದು ನೋಡಿ

ಕಲಬುರಗಿಯ ಆಳಂದ ರಸ್ತೆಯ ಕಡೆ ಕಿರಾಣಿ ಅಂಗಡಿ ನಡೆಸುವ ನನ್ನ ತಮ್ಮನು ತನ್ನ ಹಳೆಯ ಮನೆಯ ಮೇಲೆ ಒಂದು ಮಹಡಿ ಕಟ್ಟಿಸಲೆಂದು 2025ರ ಆರಂಭದಲ್ಲಿ ಒಂದು ಹಣಕಾಸು ಕಂಪನಿಯಿಂದ 19 ಲಕ್ಷ ರೂಪಾಯಿ ಸಾಲ ಪಡೆದನು. ಅಂಗಡಿಗೇ ಬಂದು ಅರ್ಜಿ ತುಂಬಿಸಿಕೊಂಡು ಹೋದ ಏಜೆಂಟ್ ಅದನ್ನು ಮೊದಲಿನಿಂದ ಕೊನೆಯವರೆಗೂ ಮನೆ ಸಾಲವೆಂದೇ ಕರೆದಿದ್ದನು. ಕಂತು ಭಾರವಾಗಿ, ವರ್ಷ ತುಂಬುವ ಮೊದಲೇ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಲು ಹೊರಟಾಗ, ಉಳಿದ ಅಸಲಿನ ಮೇಲೆ ಶೇ 4ರಷ್ಟು ಫೋರ್‌ಕ್ಲೋಶರ್ ಶುಲ್ಕವನ್ನೂ (ಅವಧಿಗೆ ಮೊದಲೇ ಸಾಲ ತೀರಿಸಿದ್ದಕ್ಕೆ ಹಾಕುವ ಶುಲ್ಕ) ಅದರ ಮೇಲೆ ಜಿಎಸ್‌ಟಿಯನ್ನೂ ಕಟ್ಟಬೇಕೆಂದು ಕಂಪನಿ ತಿಳಿಸಿತು. ಅವರ ದಾಖಲೆಯ ಪ್ರಕಾರ ಅದು ಮನೆ ಸಾಲವೇ ಆಗಿರಲಿಲ್ಲ. ‘ವ್ಯಾಪಾರ ವಿಸ್ತರಣೆ’ಗಾಗಿ ಪಡೆದ ಆಸ್ತಿ ಅಡಮಾನ ಸಾಲವಾಗಿತ್ತು.

ಈ ಭಾಗದಲ್ಲಿ ಇಂತಹ ಸಾಲಗಳು ಇನ್ನೂ ಬಹಳ ಇರಬಹುದೆಂಬ ಅನುಮಾನದಿಂದ, ಕಾಗದಗಳನ್ನು ಹೇಗೆ ಓದಿ ತಪ್ಪು ಎಲ್ಲಿದೆಯೆಂದು ಕಂಡುಕೊಂಡೆವೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಬೇಕು. ದುಬಾರಿ ಸಾಲ ಬೇರೆ, ಸುಳ್ಳು ಹೇಳಿ ಅಂಟಿಸಿದ ಸಾಲ ಬೇರೆ. ಬಡ್ಡಿ ಹೆಚ್ಚಾಯಿತೆಂಬ ಸಿಟ್ಟು ಎಷ್ಟೇ ನ್ಯಾಯವಾಗಿದ್ದರೂ, ಆ ದರ ನೀವು ಸಹಿ ಮಾಡಿದ ಕಾಗದದಲ್ಲಿ ಸ್ಪಷ್ಟವಾಗಿ ಇದ್ದರೆ ಆ ದೂರು ನಿಲ್ಲುವುದು ಕಷ್ಟ. ನಿಲ್ಲುವುದು ಏಜೆಂಟ್ ಹೇಳಿದ್ದಕ್ಕೂ ಕಂಪನಿ ಬರೆದುಕೊಂಡದ್ದಕ್ಕೂ ನಡುವೆ ಇರುವ ವ್ಯತ್ಯಾಸ, ಅದೂ ಕಾಗದದಿಂದಲೇ ತೋರಿಸಲು ಬಂದರೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಕಾಗದ ತರಿಸಿಕೊಳ್ಳುವುದು. ತಮ್ಮನ ಬಳಿ ಮಂಜೂರಾತಿ ಪತ್ರದ ಒಂದು ಹಾಳೆ ಮಾತ್ರ ಇತ್ತು. ಸಾಲದ ಒಪ್ಪಂದದ ಪ್ರತಿಯನ್ನು, ಅದಕ್ಕೆ ಲಗತ್ತಿಸಿದ ಎಲ್ಲ ಪುಟಗಳ ಸಮೇತ, ಸಾಲಗಾರನಿಗೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನ್ಯಾಯಸಮ್ಮತ ವ್ಯವಹಾರ ಸಂಹಿತೆಯಲ್ಲೇ ಇದೆ. ಹಾಗಾಗಿ ಇಮೇಲ್‌ನಲ್ಲಿ ಲಿಖಿತವಾಗಿ ಕೇಳಿದೆವು. ಅರ್ಜಿ, ಒಪ್ಪಂದ, ಸಾಲದ ಖಾತೆಯ ಸ್ಟೇಟ್‌ಮೆಂಟ್, ವಿಮೆಯ ಅರ್ಜಿ ಮತ್ತು ಪ್ರಮಾಣಪತ್ರ, ಇವುಗಳ ಜೊತೆಗೆ ಮುಖ್ಯವಾಗಿ ಸಾಲದ ಮುಖ್ಯ ಅಂಶಗಳನ್ನು ಒಂದೆಡೆ ಬರೆದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂದರೆ ಕೆಎಫ್‌ಎಸ್. 2024ರ ಅಕ್ಟೋಬರ್ 1ರ ನಂತರ ಮಂಜೂರಾದ ಪ್ರತಿ ಹೊಸ ಚಿಲ್ಲರೆ ಸಾಲಕ್ಕೂ ಇದು ಕಡ್ಡಾಯ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು, ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಿ ತೀರ್ಮಾನಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶ ಕೊಡಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ.

ಬಂದ ಕಟ್ಟಿನಲ್ಲಿ ಕೆಎಫ್‌ಎಸ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ತಮ್ಮನು ಓದಿದ್ದು ಕನ್ನಡ ಶಾಲೆಯಲ್ಲಿ, ಸಹಿಯೂ ಕನ್ನಡದಲ್ಲಿ. ಕೊನೆಯ ಪುಟದಲ್ಲಿ ‘ಇದರ ವಿಷಯವನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಸಾಲು, ಭಾಷೆಯ ಹೆಸರು ಬರೆಯಬೇಕಾದಲ್ಲಿ ಖಾಲಿ ಗೆರೆ, ಅದರ ಕೆಳಗೆ ಅವನ ಕನ್ನಡ ಸಹಿ. ಕೆಎಫ್‌ಎಸ್ ಮತ್ತು ಒಪ್ಪಂದ ಎರಡರ ಮೇಲೂ ಒಂದೇ ದಿನಾಂಕ. ‘ಪೆನ್ಸಿಲ್ ಗುರ್ತು ಇದ್ದಲ್ಲಿ ಬರೇ ಸೈನ್ ಮಾಡ್ರಿ ಅಣ್ಣಾರ, ಉಳಿದದ್ದು ನಾವು ನೋಡ್ಕೋತೀವಿ’ ಎಂದು ಏಜೆಂಟ್ ಹೇಳಿದ್ದನ್ನು ಈಗ ಯಾರೂ ಸಾಬೀತು ಮಾಡಲಾಗದು. ಆದರೆ ಆ ಖಾಲಿ ಗೆರೆಯೂ ಆ ಒಂದೇ ದಿನಾಂಕವೂ ಕಾಗದದ ಮೇಲೆಯೇ ಇವೆ.

ಅರ್ಜಿಯ ಎರಡನೇ ಪುಟದಲ್ಲಿ ಸಾಲದ ಉದ್ದೇಶ ಎಂಬ ಕಾಲಂ ಇದೆ. ಉಳಿದ ಕಾಲಂಗಳನ್ನು ನೀಲಿ ಶಾಯಿಯಲ್ಲಿ ಒಂದು ಕೈ ತುಂಬಿದ್ದರೆ, ಇದೊಂದನ್ನು ಕಪ್ಪು ಶಾಯಿಯಲ್ಲಿ ಬೇರೊಂದು ಕೈ ತುಂಬಿದೆ. ಇದು ಸಣ್ಣ ವಿಷಯವಲ್ಲ. ವ್ಯಕ್ತಿಗಳು ವ್ಯಾಪಾರವಲ್ಲದ ಉದ್ದೇಶಕ್ಕೆ ಪಡೆದ ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ 2014ರಲ್ಲೇ ಹೇಳಿದೆ. ‘ವ್ಯಾಪಾರ’ ಎಂದು ಬರೆದ ಕೂಡಲೇ ಆ ರಕ್ಷಣೆ ತಪ್ಪಿಹೋಗುತ್ತದೆ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಲ್ಲಿ ವ್ಯಾಪಾರದ ಸಾಲಗಳಿಗೂ ಈ ವಿನಾಯಿತಿಯನ್ನು ಬಹುಮಟ್ಟಿಗೆ ವಿಸ್ತರಿಸಲಾಗಿದೆಯಾದರೂ, ಹಳೆಯ ಸಾಲದವರಿಗೆ ಆ ಒಂದು ಕಾಲಂ ಈಗಲೂ ಹಣದ ಪ್ರಶ್ನೆಯೇ.

ನಮ್ಮ ಕೈಗೆ ಸಿಕ್ಕ ಗಟ್ಟಿ ಪುರಾವೆ ಕಂಪನಿಯದೇ ಕಡತದಲ್ಲಿತ್ತು. ಅವರು ಹಣವನ್ನು ಒಂದೇ ಸಲಕ್ಕೆ ಕೊಟ್ಟಿರಲಿಲ್ಲ. ಕಂಬ ಎದ್ದ ಮೇಲೆ ಒಂದಷ್ಟು, ಸ್ಲ್ಯಾಬ್ ಬಿದ್ದ ಮೇಲೆ ಒಂದಷ್ಟು ಎಂದು, ಪ್ರತಿ ಹಂತದಲ್ಲೂ ತಮ್ಮ ಎಂಜಿನಿಯರನ್ನು ಕಳಿಸಿ ಫೋಟೊ ತೆಗೆಸಿ ಬಿಡುಗಡೆ ಮಾಡಿದ್ದರು. ಕಿರಾಣಿ ವ್ಯಾಪಾರ ವಿಸ್ತರಿಸಲು ಕೊಟ್ಟ ಸಾಲಕ್ಕೆ ಸ್ಲ್ಯಾಬಿನ ಫೋಟೊ ಏಕೆ ಬೇಕಾಯಿತು? ಮಹಾನಗರ ಪಾಲಿಕೆಯ ಕಟ್ಟಡ ಪರವಾನಗಿ, ಸಿಮೆಂಟು ಮತ್ತು ಕಬ್ಬಿಣದ ಬಿಲ್ಲು, ಗುತ್ತಿಗೆದಾರನ ಖಾತೆಗೆ ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಅದರ ಪಕ್ಕದಲ್ಲಿ ಇಟ್ಟೆವು.

ವಿಮೆಯ ಕತೆ ಇದಕ್ಕಿಂತ ಕೆಟ್ಟದ್ದು. ‘ಇನ್ಶೂರೆನ್ಸ್ ಇಲ್ಲದಿದ್ರ ಫೈಲ್ ಮುಂದ ಹೋಗಂಗಿಲ್ರಿ’ ಎಂದು ಹೇಳಿ, 18 ಲಕ್ಷದ ಸಾಲಕ್ಕೆ 1 ಲಕ್ಷದ ಪ್ರೀಮಿಯಂ ಸೇರಿಸಿ 19 ಲಕ್ಷ ಮಾಡಿದ್ದರು. ಸಾಲಕ್ಕೆ ಜೀವವಿಮೆ ಮಾಡಿಸಲೇಬೇಕೆಂಬ ಕಾನೂನು ಇಲ್ಲ. ಶೇ 12.5ರ ಬಡ್ಡಿಯಲ್ಲಿ 15 ವರ್ಷ ಕಟ್ಟಿದರೆ ಆ 1 ಲಕ್ಷಕ್ಕೆ ಒಟ್ಟು ಸುಮಾರು 2 ಲಕ್ಷ 22 ಸಾವಿರ ಆಗುತ್ತದೆ. ಸಾಲ 15 ವರ್ಷದ್ದು, ವಿಮೆಯ ರಕ್ಷಣೆ ಮಾತ್ರ 5 ವರ್ಷದ್ದು. ತಮ್ಮನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದರೂ ಅರ್ಜಿಯ ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಟಿಕ್ ಹಾಕಲಾಗಿತ್ತು. ನಾಳೆ ಏನಾದರೂ ಆದರೆ ಈ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವ ಸಾಧ್ಯತೆ ಇದ್ದೇ ಇದೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಮರಳಿಸುವ ಹಕ್ಕು ಇರುತ್ತದೆ. ಪಾಲಿಸಿಯೇ ಕೈಗೆ ಬರದಿದ್ದರೆ ಅದನ್ನೂ ದೂರಿನಲ್ಲಿ ಬರೆಯಬೇಕು.

ಬಡ್ಡಿಯ ವಿಷಯದಲ್ಲಿ ನಮಗೆ ಬಲವಿರಲಿಲ್ಲ. ಏಜೆಂಟ್ ಬಾಯಲ್ಲಿ ಹೇಳಿದ್ದು ಶೇ 9ರ ಆಸುಪಾಸು, ಅಂದರೆ 18 ಲಕ್ಷಕ್ಕೆ ತಿಂಗಳಿಗೆ ಸುಮಾರು 18,250 ರೂಪಾಯಿ. ವಿಮೆಯೂ ಸೇರಿ ಕಟ್ಟುತ್ತಿರುವುದು 23,400ರ ಮೇಲೆ. ಆದರೆ 12.5 ಎಂಬ ಅಂಕಿ ಕೆಎಫ್‌ಎಸ್‌ನಲ್ಲಿ ಇಂಗ್ಲಿಷಿನಲ್ಲಾದರೂ ಇತ್ತು. ಬದಲಾಗುವ ಬಡ್ಡಿಯನ್ನು ರೆಪೊದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ತಳಕು ಹಾಕಬೇಕೆಂಬ 2019ರ ಅಕ್ಟೋಬರ್‌ನ ನಿಯಮ ಬ್ಯಾಂಕುಗಳಿಗೆ ಮಾತ್ರ. ಹಣಕಾಸು ಕಂಪನಿಗಳು ತಮ್ಮದೇ ದರವನ್ನು ಆಧಾರವಾಗಿಟ್ಟುಕೊಳ್ಳುತ್ತವೆ.

ದೂರನ್ನು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೇ ಕೊಡಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಸಿಎಂಎಸ್ ಎಂಬ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಮಾಹಿತಿಗೆ 14448 ಸಂಖ್ಯೆ ಇದೆ. ಸಾಲ ಕೊಟ್ಟದ್ದು ಗೃಹ ಹಣಕಾಸು ಕಂಪನಿಯಾಗಿದ್ದರೆ ದೂರು ಹೋಗಬೇಕಾದದ್ದು ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ಗೆ. ವಿಮೆಯದ್ದು ಬೇರೆಯೇ ದಾರಿ, ವಿಮಾ ಒಂಬುಡ್ಸ್‌ಮನ್. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವರಿಗೆ ಎರಡು ವರ್ಷಗಳ ಕಾಲಮಿತಿ ಇದೆ. ಇದೆಲ್ಲ ನಡೆಯುವಾಗ ಸಿಟ್ಟಿಗೆ ಕಂತು ನಿಲ್ಲಿಸಬೇಡಿ: 90 ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಸಾಲ ತೀರಿಸುವ ಶಿಸ್ತಿಗೆ ಕೊಡುವ ಸಿಬಿಲ್ ಅಂಕ ಕೆಡುತ್ತದೆ, ಸಾಲ ವರ್ಗಾಯಿಸಿಕೊಳ್ಳುವ ಬ್ಯಾಂಕೂ ಹಿಂದೆ ಸರಿಯುತ್ತದೆ.

ದೂರು ಒಂಬುಡ್ಸ್‌ಮನ್ ಕಚೇರಿಗೆ ಹೋದ ಮೇಲೆ ಕಂಪನಿಯು ಫೋರ್‌ಕ್ಲೋಶರ್ ಶುಲ್ಕವನ್ನು ಪೂರ್ತಿ ಕೈಬಿಟ್ಟಿತು. ಉದ್ದೇಶದ ಕಾಲಂ ಬಗ್ಗೆ ತನ್ನ ಉತ್ತರದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಸಾಲ ಈಗ ಬ್ಯಾಂಕಿಗೆ ಹೋಗಿದೆ, ಅದುವರೆಗೆ ಕಟ್ಟಿದ ಹೆಚ್ಚಿನ ಬಡ್ಡಿ ಮರಳಿ ಬಂದಿಲ್ಲ, ವಿಮೆಯ ದೂರು ಇನ್ನೂ ಇತ್ಯರ್ಥವಾಗಿಲ್ಲ. ಅದೇ ಏಜೆಂಟ್ ಇನ್ನೊಂದು ಕಂಪನಿಯ ಕಾರ್ಡು ಹಿಡಿದು ಸೇಡಂ ರಸ್ತೆಯ ಹೊಸ ಬಡಾವಣೆಗಳಲ್ಲಿ ತಿರುಗುತ್ತಿದ್ದಾನೆಂದು ಕೇಳಿದ್ದೇವೆ. ಅಂಥವರು ನಿಮ್ಮಲ್ಲಿಗೆ ಬಂದರೆ ಉದ್ದೇಶದ ಕಾಲಂ ಅನ್ನು ನಿಮ್ಮ ಕೈಯಿಂದಲೇ ಕನ್ನಡದಲ್ಲಿ ತುಂಬಿ, ಅರ್ಜಿಯ ಎಲ್ಲ ಪುಟಗಳ ಫೋಟೊ ತೆಗೆದುಕೊಂಡ ಮೇಲೆಯೇ ಅದನ್ನು ಕೊಡಿ.