20, 26, 24: ಮೂರು ಟ್ರಯಲ್ಸ್ ಸೈಕಲ್ಲು, ಒಂದೇ ಕಟ್ಟೆ

ಎಡಿನ್‌ಬರೋದಲ್ಲಿ ನಮ್ಮ ಮನೆ ಬಾಗಿಲಿಂದ ಇಪ್ಪತ್ತು ಹೆಜ್ಜೆಗೆ ಒಂದು ಕಲ್ಲಿನ ಕಟ್ಟೆ ಇದೆ. ನನ್ನ ಮೊಣಕಾಲಿಗಿಂತ ನಾಲ್ಕು ಬೆರಳು ಎತ್ತರ. ಏಳು ವರ್ಷದಲ್ಲಿ ಮೂರು ಥರದ ಟ್ರಯಲ್ಸ್ ಸೈಕಲ್ಲಿನಲ್ಲಿ ಈ ಕಟ್ಟೆ ಹತ್ತಿದ್ದೇನೆ. ಮೊದಲ ಎರಡು ವರ್ಷ 20 ಇಂಚಿನ ಚಕ್ರದ್ದು, ಆಮೇಲೆ ಗೆಳೆಯನಿಂದ ಒಂದು ಬೇಸಿಗೆ ಮಟ್ಟಿಗೆ ಕೇಳಿ ತಂದ 26, ಈಗ ಐದನೇ ವರ್ಷಕ್ಕೆ ಬಿದ್ದಿರುವ ನನ್ನ 24. ಹೊಸದಾಗಿ ಕೊಳ್ಳಲು ಹೊರಟವರು ನನ್ನ ಹಾಗೆ ಮೊದಲ ಸಲವೇ ತಪ್ಪು ಸೈಕಲ್ಲಿಗೆ ದುಡ್ಡು ಸುರಿಯದಿರಲಿ ಎಂದು ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಟ್ರಯಲ್ಸ್ ಅಂದರೆ ಕಾಲು ನೆಲಕ್ಕೆ ಊರದೆ ಬಂಡೆ, ದಿಮ್ಮಿ, ಗೋಡೆ ದಾಟುವ ಆಟ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೋಟರ್‌ಬೈಕ್ ಟ್ರಯಲ್ಸ್‌ನವರ ಮಕ್ಕಳು ಸಣ್ಣ ಸೈಕಲ್ಲುಗಳಲ್ಲಿ ಆಡುತ್ತ ಬೆಳೆಸಿದ್ದು. ಅಲ್ಲಿ ಆಗ ಇದರ ಹೆಸರೇ 'ಟ್ರಯಲ್‌ಸಿನ್', ಮೋಟರಿಲ್ಲದ ಟ್ರಯಲ್ ಎಂದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರಿಗೆ 20 ಮತ್ತು 26 ಇಂಚಿಗೆ ಬೇರೆ ಬೇರೆ ಪಂದ್ಯ. 24ಕ್ಕೆ ಅಲ್ಲಿ ವಿಭಾಗವೇ ಇಲ್ಲ.

ನಾನು ಮೊದಲು 20 ತಂದದ್ದಕ್ಕೆ ಅದೇ ಕಾರಣ. ಚಾಂಪಿಯನ್ನರು ಓಡಿಸುವುದು ಅದು, ಕಲಿತರೆ ಅದರಲ್ಲೇ ಕಲಿಯಬೇಕು ಅಂದುಕೊಂಡೆ. ಮುಂದೆ 20 ಇಂಚು, ಹಿಂದೆ 19 ಇಂಚಿನ ದಪ್ಪ ಟೈರು, ಸೀಟು ಇಲ್ಲವೇ ಇಲ್ಲ. ಪೆಡಲಿನ ಅಚ್ಚು ಚಕ್ರದ ಅಚ್ಚಿಗಿಂತ ಸಾಕಷ್ಟು ಮೇಲಿರುತ್ತದೆ, ಹಾಗಾಗಿ ಹಿಂದಿನ ಚಕ್ರದ ಮೇಲೆ ನಿಂತು ಕುಪ್ಪಳಿಸುವುದು ಬಹಳ ಸಲೀಸು. ಕ್ರ್ಯಾಂಕಿನ (ಪೆಡಲಿನ ತೋಳಿನ) ಹಲ್ಲುಚಕ್ರದಲ್ಲಿ 18 ಹಲ್ಲು, ಹಿಂದಿನದರಲ್ಲಿ 12. ಬ್ರೇಕ್ ಬಿಡುತ್ತಲೇ ಪೆಡಲನ್ನು ಕಾಲು ಸುತ್ತು ಜೋರಾಗಿ ಒದ್ದರೆ ಸೈಕಲ್ಲು ಕಪ್ಪೆಯ ಹಾಗೆ ನೆಗೆಯುತ್ತದೆ. ರೈಲಿನಲ್ಲಿ ಅರ್ಧ ಗಂಟೆ ದೂರದ ನಾರ್ತ್ ಬೆರಿಕ್‌ನ ಸಮುದ್ರದ ಬಂಡೆಗಳ ಮೇಲೆ ಅದರಲ್ಲಿ ಕಳೆದ ಸಂಜೆಗಳಷ್ಟು ಖುಷಿ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಆದರೆ ಆ ಬಂಡೆಗೆ ನಾನು ಹೋಗುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ದಿನ ಆಫೀಸು ಮುಗಿಸಿ ಬಂದಾಗ ಸಿಗುತ್ತಿದ್ದುದು ಮುಕ್ಕಾಲು ಗಂಟೆ, ಈ ಕಟ್ಟೆ, ಬೀದಿಯ ಮೆಟ್ಟಿಲು, ಇಳಿಜಾರು. ಅಲ್ಲಿ 20 ನನ್ನ ಕೈ ಕಟ್ಟಿಹಾಕಿತು. ಸ್ವಲ್ಪ ವೇಗ ತೆಗೆದುಕೊಂಡರೆ ಪೆಡಲು ಖಾಲಿ ಸುತ್ತಿದ ಹಾಗೆ, ಮುಂದಿನ ಚಕ್ರ ಎತ್ತಿ ಹಿಂದಿನದರ ಮೇಲೆ ತೇಲುತ್ತಾ ಹೋಗುವ ಮ್ಯಾನ್ಯುಯಲ್ ಮಾಡಲು ಹೋದರೆ ತಟ್ಟನೆ ಹಿಂದಕ್ಕೆ ವಾಲಿದ ಹಾಗೆ.

26ರ ಕಥೆ ಬೇಗ ಮುಗಿಯುತ್ತದೆ. ಗೇರು 18ಕ್ಕೆ 15, ದೊಡ್ಡ ಚಕ್ರ ಸಣ್ಣಪುಟ್ಟ ಕಲ್ಲನ್ನೆಲ್ಲ ತಾನೇ ಉರುಳಿ ದಾಟುತ್ತದೆ, ದೂರದ ಜಿಗಿತಕ್ಕೆ ಹೇಳಿ ಮಾಡಿಸಿದ್ದು. ಅದರ ಒಡೆಯ ಆರಡಿ ಎತ್ತರ. ನಾನು ಐದಡಿ ಐದಿಂಚು. ಅವನು ನಿಂತಲ್ಲಿಂದಲೇ ಪಕ್ಕಕ್ಕೆ ಕಟ್ಟೆ ಹತ್ತುತ್ತಿದ್ದ. ನಾನು ಹ್ಯಾಂಡಲ್ ಎದೆಗೆ ಎಳೆದುಕೊಂಡರೂ ಹಿಂದಿನ ಚಕ್ರ ಅಂಚಿಗೆ ಬಡಿದು ವಾಪಸ್ ಬೀಳುತ್ತಿತ್ತು. ಎತ್ತರದವರು, ಕಾಡುದಾರಿಯಲ್ಲಿ ಓಡಿಸಿ ಅಭ್ಯಾಸವಿರುವವರು ಇದನ್ನು ಮೊದಲು ನೋಡಿ.

24 ಬೀದಿಗೆಂದೇ ರೂಪುಗೊಂಡ ಅಳತೆ. 2009ರ ಏಪ್ರಿಲ್‌ನಲ್ಲಿ ಬಂದ ವೀಡಿಯೊದಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಟ್ರಯಲ್ಸ್ ಸವಾರ ಡ್ಯಾನಿ ಮ್ಯಾಕ್‌ಆಸ್ಕಿಲ್ ಇದೇ ಎಡಿನ್‌ಬರೋದ ಚೂಪು ಕಂಬಿಯ ಬೇಲಿಯ ಮೇಲೆ ಓಡಿಸಿದ್ದು ಇಂಥದ್ದನ್ನೇ. ನನ್ನದು 10.8 ಕೆಜಿ, 20ಕ್ಕಿಂತ ಸುಮಾರು ಮೂರು ಕೆಜಿ ಹೆಚ್ಚು. ಪೆಡಲಿನ ಅಚ್ಚು ತಗ್ಗಿನಲ್ಲಿದೆ, ಅಂಗೈಯಗಲದ ಸೀಟಿದೆ. ಬಂಡೆಯ ಮೇಲೆ 20ರಷ್ಟು ಚುರುಕಿಲ್ಲ, ನಿಜ. ಆದರೆ ಓಡಿಬಂದು ಬನಿಹಾಪ್ (ಎರಡೂ ಚಕ್ರ ನೆಲ ಬಿಡುವ ನೆಗೆತ) ಹೊಡೆದು ಕಟ್ಟೆ ಹತ್ತಿ, ಅದರ ಮೇಲೆ ಮ್ಯಾನ್ಯುಯಲ್ ಮಾಡಿ, ಅರ್ಧ ಸುತ್ತು ತಿರುಗಿ ಇಳಿಯುವ ಆಟ ಇದರಲ್ಲಿ ಮಾತ್ರ ಒಂದೇ ಉಸಿರಿನಲ್ಲಿ ಬರುತ್ತದೆ. ವಾರಕ್ಕೆ ನಾಲ್ಕು ದಿನ ಹೊರಗೆ ತೆಗೆಯುತ್ತೇನೆ. 20 ಇದ್ದಾಗ ವಾರಕ್ಕೊಂದು ದಿನವಾದರೆ ಹೆಚ್ಚು.

ಇನ್ನು, ಈ ಐದು ವರ್ಷದಲ್ಲಿ 24ರಲ್ಲಿ ಕೈಕೊಟ್ಟದ್ದು. ಎರಡನೇ ಚಳಿಗಾಲದಲ್ಲಿ, ಸೈಕಲ್ಲಿನ ಜೊತೆಗೇ ಬಂದಿದ್ದ ಫ್ರೀವೀಲು (ಪೆಡಲು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಭಾಗ) ಜಾರಿತು. ಇವುಗಳಲ್ಲಿ ಫ್ರೀವೀಲು ಹಿಂದಿನ ಚಕ್ರದ ನಡುವಿನಲ್ಲಲ್ಲ, ಮುಂದೆ ಕ್ರ್ಯಾಂಕಿನಲ್ಲಿರುತ್ತದೆ. ಪೆಡಲ್ ಒದ್ದ ಕ್ಷಣ ಒಳಗೆ 'ಟಕ್' ಅಂದಿತು, ಕಾಲು ಗಾಳಿಯಲ್ಲಿ ಹೋಯಿತು, ಮೊಣಕಾಲು ಹ್ಯಾಂಡಲಿನ ಕುತ್ತಿಗೆಗೆ ಬಡಿಯಿತು. ಮೂರು ವಾರ ಮೆಟ್ಟಿಲು ಹತ್ತಿ ಇಳಿಯುವಾಗೆಲ್ಲ ನೋವು. ಆಮೇಲೆ ಒಂದು ಸುತ್ತಿನಲ್ಲಿ 108 ಕಡೆ ಹಿಡಿಯುವ ಫ್ರೀವೀಲು ಹಾಕಿಸಿದೆ, ಅಂದರೆ ಪೆಡಲು ಹೆಚ್ಚೆಂದರೆ 3.3 ಡಿಗ್ರಿ ತಿರುಗುವಷ್ಟರಲ್ಲಿ ಹಿಡಿತ ಸಿಗುತ್ತದೆ. ಈವರೆಗೆ ಒಮ್ಮೆಯೂ ಜಾರಿಲ್ಲ. ಬಜೆಟ್ ಬಿಗಿಯಿದ್ದರೆ ಫ್ರೇಮಿನಲ್ಲಿ ಉಳಿಸಿ, ಫ್ರೀವೀಲಿನಲ್ಲಿ ಉಳಿಸಬೇಡಿ. ಚೈನನ್ನು ವರ್ಷಕ್ಕೊಮ್ಮೆ, ಸವೆದಿರಲಿ ಬಿಡಲಿ, ಬದಲಾಯಿಸುತ್ತೇನೆ.

ಬ್ರೇಕಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. 20ರಲ್ಲಿ ಮಗುರಾ ಕಂಪನಿಯ ಎಚ್‌ಎಸ್33 ಹೈಡ್ರಾಲಿಕ್ ರಿಮ್ ಬ್ರೇಕ್ ಇತ್ತು, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರದ ಬಳೆಯನ್ನೇ ಹಿಡಿಯುವಂಥದ್ದು. ರಿಮ್ಮಿನ ಮೈಯನ್ನು ಲೋಹ ಉಜ್ಜುವ ಗ್ರೈಂಡರಿನಲ್ಲಿ ಗೀರಿ ತರಿತರಿ ಮಾಡಿದರೆ ಒಂದೇ ಬೆರಳಿಗೆ ಚಕ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ, ಮಳೆಯಲ್ಲೂ. ಆ ತರಿ ಸವೆದಾಗ ಮತ್ತೆ ಗೀರಬೇಕು, ಪ್ಯಾಡು ಬೇಗ ತಿನ್ನುತ್ತದೆ, ಕಿರುಚಾಟ ಬೀದಿ ತುಂಬ. 24ರಲ್ಲಿ ಎರಡೂ ಡಿಸ್ಕ್. ಸದ್ದಿಲ್ಲ, ವೇಗದಲ್ಲಿ ಹದವಾಗಿ ಹಿಡಿಯಬಹುದು. ಆದರೆ ಹಿಂದಿನ ಚಕ್ರದ ಮೇಲೆ ನಿಂತಾಗ ಕೂದಲೆಳೆಯಷ್ಟು ಮುಂದೆ ಹಿಂದೆ ಅಲುಗುವುದು ಗೊತ್ತಾಗುತ್ತದೆ, ಚೈನಿನ ಎಣ್ಣೆ ಹತ್ತಿದ ಬೆರಳು ಡಿಸ್ಕಿಗೆ ತಾಗಿದರೆ ಪ್ಯಾಡು ಎಸೆಯಬೇಕಾದೀತು. ಬಂಡೆಯವರಿಗೆ ರಿಮ್ಮು, ಬೀದಿಯವರಿಗೆ ಡಿಸ್ಕು ಅನ್ನುತ್ತೇನೆ.

ಚಿತ್ರದುರ್ಗದಿಂದ ಸೋದರಮಾವನ ಮಗ ಫೋನ್ ಮಾಡಿ "ಅಣ್ಣಾ, ನಾನೂ ನಿನ್ ಥರ 24 ತಗೊಳ್ಲಾ?" ಅಂದ. ಬೇಡ ಅಂದೆ. ಅವನ ಮನೆ ಹಿಂದೆ ಕಣ್ಣು ಹಾಯುವಷ್ಟು ದೂರ ಗ್ರಾನೈಟ್ ಬಂಡೆ, ಅವನು ನನಗಿಂತಲೂ ಗಿಡ್ಡ. ಅವನಿಗೆ ಬೇಕಾದ್ದು 20. ಕೋಟೆಯ ಕಲ್ಲಿನ ಮೇಲೆ ಮಾತ್ರ ಟೈರು ಇಡಬಾರದು ಅಂತ ಮಾತು ತೆಗೆದುಕೊಂಡಿದ್ದೇನೆ. 20 ಕೈಗೆ ಬರುವವರೆಗೆ ಮನೆಯಲ್ಲಿರುವ ಮಾಮೂಲಿ ಸೈಕಲ್ಲಿನಲ್ಲೇ, ತುಸು ಏರಿನಲ್ಲಿ ಮುಂದಿನ ಚಕ್ರ ಓರೆ ಮಾಡಿ ನಿಂತಲ್ಲೇ ನಿಲ್ಲುವುದನ್ನು ಕಲಿ ಅಂದಿದ್ದೆ. ಹೋದ ವಾರ ಕಳಿಸಿದ ವೀಡಿಯೊದಲ್ಲಿ 40 ಸೆಕೆಂಡ್ ನಿಂತಿದ್ದಾನೆ. ನನ್ನ ಹಳೆಯ 20 ಇನ್ನೂ ಮಂಚದ ಕೆಳಗಿದೆ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಬಿಚ್ಚಿ ಪ್ಯಾಕ್ ಮಾಡಿ, ಒಂದು ಹೊಸ ಫ್ರೀವೀಲು, ಎರಡು ಚೈನು, ನಾಲ್ಕು ಜೊತೆ ಪ್ಯಾಡಿನ ಸಮೇತ ಅವನಿಗೆ ಕೊಟ್ಟು ಬರುತ್ತೇನೆ.